ಬರೆದುಕೊಟ್ಟ ಊಳಿಗ, ಹುಟ್ಟಿ ಬಂದ ಊಳಿಗ

ನಮ್ಮದು ಕ್ಯಾಸನೂರು ಕಡೆ. ಹಾಗಂದರೆ ಸೊರಬ, ಸಾಗರದ ಆಚೆ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ವೈದ್ಯ ಓದಿದವರ ಮುಂದೆ ಹೇಳಿ ನೋಡಿ, ತಟ್ಟನೆ ತಲೆ ಎತ್ತುತ್ತಾರೆ. 1957ರಲ್ಲಿ ನಮ್ಮ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದವು. ಮಂಗಗಳ ಹಿಂದೆಯೇ ಜನ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಪತ್ತೆ ಮಾಡಿದರು, ಉಣುಗಿನಿಂದ ಅದು ಹರಡುತ್ತದೆ ಎಂದು ತೋರಿಸಿದರು, ಅದಕ್ಕೆ ನಮ್ಮೂರಿನ ಹೆಸರನ್ನೇ ಇಟ್ಟರು. ಹೀಗೆ ಕ್ಯಾಸನೂರು ಜಗತ್ತಿನ ಪುಸ್ತಕ ಸೇರಿತು. ಸೌದೆಗೆ, ದರಗಿಗೆ ಕಾಡಿಗೆ ಹೋಗಿ ಉಣುಗು ಕಚ್ಚಿಸಿಕೊಂಡು ಸತ್ತ ಕೂಲಿಯವರ ಹೆಸರು ಯಾವ ಪುಸ್ತಕವನ್ನೂ ಸೇರಲಿಲ್ಲ. ರೋಗಕ್ಕೆ ಹೆಸರುಂಟು, ರೋಗಿಗೆ ಇಲ್ಲ.

ಈ ಹೆಸರಿನ ವಿಚಾರವೇ ನಮ್ಮನ್ನು ಚರಿತ್ರೆಯ ಕಡೆ ತಳ್ಳಿದ್ದು. ನಮ್ಮ ಮನೆಗಳಲ್ಲಿ ನಮಗಿಂತ ಮೊದಲು ಕಾಲೇಜು ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಹಾಗಾಗಿ ಪುಸ್ತಕ ಕೈಗೆ ಬಂದರೆ ನಾವು ಮೊದಲು ಹುಡುಕುವುದು ನಮ್ಮವರನ್ನು. ಸಿಗುವುದು ಕಡಿಮೆ. ಸಿಕ್ಕರೂ ಎಲ್ಲೋ ಒಂದು ಸಾಲಿನಲ್ಲಿ, ಯಾರದೋ ಹಿಂದೆ, ತಲೆಮೇಲೆ ಗಂಟು ಹೊತ್ತುಕೊಂಡು ನಿಂತಿರುತ್ತಾರೆ.

ನಮ್ಮ ಪಕ್ಕದ ಕೆಳದಿಯನ್ನೇ ತಗೊಳ್ಳಿ. ಹದಿನೈದನೇ ಶತಮಾನ ಮುಗಿಯುವ ಹೊತ್ತಿಗೆ ಚೌಡಪ್ಪ ನಾಯಕ ಅಲ್ಲಿ ರಾಜ್ಯ ಕಟ್ಟಿದ. ಹೊಲದಲ್ಲಿ ನಿಧಿ ಸಿಕ್ಕಿತು, ನಿಧಿ ಎತ್ತಲು ನರಬಲಿ ಬೇಕಾಯಿತು, ಮನೆಯ ಇಬ್ಬರು ಆಳುಗಳು ನಾವೇ ಬಲಿಯಾಗುತ್ತೇವೆ ಅಂತ ಮುಂದೆ ಬಂದರು ಅನ್ನೋದು ಕತೆ. ಅವರ ಹೆಸರು ಎಡವ, ಮುರಾರಿ. ಯಾದವ, ಮುರಾರಿ ಅಂತಲೂ ಹೇಳುತ್ತಾರೆ. ಅವರು ಕೇಳಿದ್ದು ಒಂದೇ, ನಮ್ಮ ಹೆಸರು ಉಳಿಸಿ ಅಂತ. ಅರಸರು ಮಾತು ಉಳಿಸಿಕೊಂಡರು. ‘ಎಡವ ಮುರಾರಿ’ ಅನ್ನೋದನ್ನು ತಮ್ಮ ಬಿರುದು ಮಾಡಿಕೊಂಡರು! ಕತ್ತು ಕೊಟ್ಟವರ ಹೆಸರು ಕತ್ತಿ ಹಿಡಿದವರ ಒಡವೆಯಾಯಿತು.

ನಾವೇ ಮುಂದೆ ಬಂದೆವು ಅಂತ ಆಳುಗಳು ಹೇಳಿದರೋ, ಹೇಳಿದರು ಅಂತ ಒಡೆಯರು ಬರೆಸಿದರೋ? ನಮ್ಮ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಹೆಂಗಸರ ಬೆತ್ತಲೆ ಸೇವೆಗೂ ಇದೇ ಮಾತು ಹೇಳುತ್ತಿದ್ದರು. ‘ಅವರೇ ಹರಕೆ ಹೊತ್ತಿದಾರೆ, ನಿಮಗೇನು?’ ಅದನ್ನು ತಡೆಯಲು 1986ರಲ್ಲಿ ಹೋದವರನ್ನೂ ಪೊಲೀಸರನ್ನೂ ಜನ ಅಟ್ಟಾಡಿಸಿ ಹೊಡೆದರು. ತಾನಾಗಿ ಒಪ್ಪಿಕೊಂಡ ಸೇವೆ ಅಂದಾಗಲೆಲ್ಲ ಒಪ್ಪದೆ ಇರುವ ದಾರಿ ಆ ಮನುಷ್ಯನಿಗೆ ಇತ್ತೇ ಅಂತ ಕೇಳುವುದು ನಮ್ಮ ಅಭ್ಯಾಸ. ಈ ಬರಹದಲ್ಲೂ ಅದನ್ನೇ ಕೇಳಲಿದ್ದೇವೆ. ಕೇಳುವುದು ಮಾತ್ರ ಒಬ್ಬ ಕ್ರೈಸ್ತ ಪಾದ್ರಿಯ ಬಗ್ಗೆ.

ಶಿವಮೊಗ್ಗದ ಹಾಸ್ಟೆಲಿನಲ್ಲಿ ನಮ್ಮ ಜೊತೆ ಗಂಗೊಳ್ಳಿ ಕಡೆಯ ಒಬ್ಬ ಗೆಳೆಯ ಇದ್ದ. ಟ್ರಂಕಿನ ಮುಚ್ಚಳದ ಒಳಗೆ ಒಬ್ಬ ಪಾದ್ರಿಯ ಚಿತ್ರ ಅಂಟಿಸಿಕೊಂಡಿದ್ದ. ಬರಿಗಾಲು, ಕರಿ ನಿಲುವಂಗಿ, ಕೈಯಲ್ಲಿ ಶಿಲುಬೆ. ‘ಇವರು ಸಂತ ಜೋಸೆಫ್ ವಾಜ್. ನಿಮ್ಮ ಕೆಳದಿ ಚೆನ್ನಮ್ಮನ ಕಾಲದಲ್ಲಿ ನಮ್ಮೂರಿಗೆ ಬಂದಿದ್ರು’ ಅಂದ. ನಮಗೆ ಆಶ್ಚರ್ಯ. ಚೆನ್ನಮ್ಮ ಅಂದರೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು, ಔರಂಗಜೇಬನ ಸೈನ್ಯವನ್ನು ಎದುರಿಸಿದವಳು ಅಂತ ಶಾಲೆಯಲ್ಲಿ ಓದಿದ್ದೆವು. ಅವಳ ರಾಜ್ಯದಲ್ಲಿ ಒಬ್ಬ ಸಂತ ಬರಿಗಾಲಲ್ಲಿ ತಿರುಗಾಡಿದ್ದನ್ನು ಯಾವ ಮಾಸ್ತರೂ ಹೇಳಿರಲಿಲ್ಲ.

ವಾಜ್ ಹುಟ್ಟಿದ್ದು 1651ರ ಏಪ್ರಿಲ್ 21ರಂದು, ಗೋವೆಯ ಸಾಲ್ಸೆಟ್ ಸೀಮೆಯ ಬಾಣಾವಳಿಯಲ್ಲಿ. ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬ. ಪೋರ್ಚುಗೀಸು, ಲ್ಯಾಟಿನ್ ಕಲಿತರು, ಗೋವಾ ನಗರದಲ್ಲಿ ಜೆಸ್ವಿತರ ಹತ್ತಿರವೂ ಡೊಮಿನಿಕನ್ನರ ಹತ್ತಿರವೂ ಓದಿದರು, 1676ರಲ್ಲಿ ಗುರುದೀಕ್ಷೆ ಪಡೆದರು. ಅಲ್ಲಿಂದಾಚೆ ಬಡವರ ಹಾಗೆ ಬರಿಗಾಲಲ್ಲಿ ನಡೆಯಲು ಶುರು ಮಾಡಿದರು. ಮರುವರ್ಷ, 1677ರ ಆಗಸ್ಟ್ 5ರಂದು, ಮನೆತನದ ಊರು ಸಾಂಕವಾಳದ ಇಗರ್ಜಿಯಲ್ಲಿ ಒಂದು ಪತ್ರ ಬರೆದು ರುಜು ಹಾಕಿದರು. ತಾನು ಇಂದಿನಿಂದ ಮಾತೆ ಮೇರಿಯ ಗುಲಾಮ ಅನ್ನೋದೇ ಆ ಪತ್ರ. ಗುಲಾಮಗಿರಿಯ ಪತ್ರ ಅಂತಲೇ ಅದಕ್ಕೆ ಹೆಸರು.

ಇದನ್ನು ಓದಿದಾಗ ನಾವು ಪುಸ್ತಕ ಮಡಿಸಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ಕೂತಿದ್ದೆವು. ನಮ್ಮ ಮಲೆನಾಡಿನಲ್ಲಿ ಹೊಲೆಯರಲ್ಲಿ ಎರಡು ಬಗೆಯ ಆಳುಗಳಿದ್ದರು ಅಂತ ರೈಸ್ ಸಾಹೇಬ ತನ್ನ ಮೈಸೂರು ಗೆಜೆಟಿಯರಿನಲ್ಲಿ ಬರೆದಿದ್ದಾನೆ. ಒಡೆಯನ ಮನೆಯಲ್ಲೇ ಹುಟ್ಟಿದವನು ಹುಟ್ಟಾಳು. ಜಮೀನಿನ ಜೊತೆ ಕೊಂಡು ಮಾರುವವನು ಮಣ್ಣಾಳು. ನಮ್ಮ ಹಿರಿಯರು ಯಾವ ಪತ್ರವನ್ನೂ ಬರೆದುಕೊಡಲಿಲ್ಲ. ಅಕ್ಷರವೇ ಇರಲಿಲ್ಲವಲ್ಲ, ಬರೆಯೋದೆಲ್ಲಿಂದ ಬಂತು? ಗುಲಾಮ ಅಂತ ತನ್ನ ಕೈಯಾರೆ ಬರೆದುಕೊಳ್ಳಬೇಕಾದರೂ ಮೊದಲು ಸ್ವತಂತ್ರನಾಗಿರಬೇಕು, ಮೇಲೆ ಅಕ್ಷರಸ್ಥನಾಗಿರಬೇಕು. ವಾಜ್ ಅವರ ಭಕ್ತಿಯನ್ನು ನಾವು ಹೀಗಳೆಯುತ್ತಿಲ್ಲ. ಅವರು ಆ ಮಾತಿನಂತೆಯೇ ಬದುಕಿದರು. ಮೂವತ್ತಮೂರು ವರ್ಷ, ಸಾಯುವ ತನಕ.

1681ರಲ್ಲಿ ಗೋವೆಯವರು ಅವರನ್ನು ಕೆನರಾ ಕರಾವಳಿಗೆ ಕಳಿಸಿದರು. ಆಗ ಕರಾವಳಿ ಕೆಳದಿಯವರದು. ಶಿವಪ್ಪ ನಾಯಕ 1650ರ ದಶಕದಲ್ಲಿ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳಿಂದ ಪೋರ್ಚುಗೀಸರನ್ನು ಓಡಿಸಿದ್ದ. ಓಡಿಸಿದರೂ ವ್ಯಾಪಾರ ಬಿಡುವುದು ಹೇಗೆ? ಗೋವೆಯವರ ಹೊಟ್ಟೆಗೆ ಕೆನರಾದ ಅಕ್ಕಿಯೇ ಬೇಕಿತ್ತು. ನಮ್ಮ ಘಟ್ಟದ ಮೆಣಸು ಹೇರೆತ್ತುಗಳ ಬೆನ್ನ ಮೇಲೆ ಇಳಿದು ಅದೇ ಬಂದರುಗಳಿಗೆ ಹೋಗುತ್ತಿತ್ತು. 1678ರಲ್ಲಿ ಒಪ್ಪಂದವಾಗಿ ಮಂಗಳೂರಿನಲ್ಲಿ ಕೋಠಿ ಇಟ್ಟುಕೊಳ್ಳಲು, ಕೆಲವು ಊರುಗಳಲ್ಲಿ ಇಗರ್ಜಿ ಕಟ್ಟಿಕೊಳ್ಳಲು ಪೋರ್ಚುಗೀಸರಿಗೆ ಒಪ್ಪಿಗೆ ಸಿಕ್ಕಿತು. ಅರಮನೆಗೆ ಸುಂಕ, ಪೋರ್ಚುಗೀಸರಿಗೆ ಅಕ್ಕಿ, ನಡುವೆ ಒಂದಿಷ್ಟು ಇಗರ್ಜಿ. ಧರ್ಮ ಬಂದರಿಗೆ ಬರುವುದು ಯಾವಾಗಲೂ ಸರಕಿನ ಜೊತೆಗೇ ತಾನೆ.

ಇಲ್ಲಿ ಕ್ರೈಸ್ತರಲ್ಲೇ ದೊಡ್ಡ ಜಗಳ ಎದ್ದಿತ್ತು. ಪಾದ್ರಿಗಳನ್ನು ನೇಮಿಸುವ ಹಕ್ಕು ತನ್ನದು ಅಂತ ಪೋರ್ಚುಗಲ್ ರಾಜ. ಅಲ್ಲ, ನಮ್ಮದು ಅಂತ ರೋಮ್. ರೋಮಿನವರು ಥಾಮಸ್ ದೆ ಕ್ಯಾಸ್ತ್ರೊ ಅನ್ನುವ ಗೋವೆಯ ಬಿಷಪ್ಪರನ್ನೇ ಕೆನರಾಕ್ಕೆ ಕಳಿಸಿದ್ದರು. ಗೋವೆಯ ಆರ್ಚ್‌ಬಿಷಪ್ಪರ ಕಡೆಯವರು ಅವರನ್ನು ಒಪ್ಪಲಿಲ್ಲ. ಮೀನು ಹಿಡಿದು, ಗದ್ದೆ ಮಾಡಿ ಬದುಕುವ ಬಡ ಕ್ರೈಸ್ತರು ಮಗುವಿಗೆ ಯಾರ ಕೈಲಿ ನೀರು ಹಾಕಿಸಬೇಕು, ಯಾರು ಮಾಡಿಸಿದ ಮದುವೆ ಮದುವೆ ಅಂತ ಗೊತ್ತಾಗದೆ ಕೂತಿದ್ದರು. ವಾಜ್ ಗೋವೆಯ ಕಡೆಯಿಂದ ಬಂದವರು. ಆದರೂ ಕ್ಯಾಸ್ತ್ರೊ ಅವರ ಬಳಿಗೇ ಹೋಗಿ ಮಾತಾಡಿ, ಜಗಳ ಬೆಳೆಸದೆ ಜನರ ಕೆಲಸ ನಡೆಯುವ ದಾರಿ ಹುಡುಕಿದರು. ಕುಂದಾಪುರ, ಗಂಗೊಳ್ಳಿ, ಬಸರೂರು, ಮಂಗಳೂರು ಅಂತ ಮೂರು ವರ್ಷ ನಡೆದರು. ಇಗರ್ಜಿ ಕಟ್ಟಿದರು, ಮಕ್ಕಳಿಗೆ ಪಾಠ ಹೇಳುವ ಏರ್ಪಾಟು ಮಾಡಿದರು. ಮಂಗಳೂರಿನ ಆಚೆ ಮುಡಿಪು ಗುಡ್ಡದಲ್ಲಿ ಅವರಿಗಾಗಿ ಒರತೆ ಎದ್ದಿತು ಅಂತ ಜನ ಈಗಲೂ ಆ ನೀರು ಕುಡಿಯುತ್ತಾರೆ. ಪವಾಡಗಳ ವಿಚಾರ ನಮಗೆ ಬೇಡ. ಮೂರು ವರ್ಷ ಬರಿಗಾಲಲ್ಲಿ ನಡೆದರಲ್ಲ, ಅಷ್ಟು ಸಾಕು.

1684ರಲ್ಲಿ ಗೋವೆಗೆ ಮರಳಿದರು. ನಮ್ಮ ಕತೆಯ ಗಂಟು ಇರುವುದು ಇಲ್ಲಿ.

ಆ ಕಾಲದ ಗೋವೆಯಲ್ಲಿ ಹುಟ್ಟಾ ಭಾರತೀಯನೊಬ್ಬ ಪಾದ್ರಿಯಾಗಬಹುದಿತ್ತು, ಆದರೆ ಫ್ರಾನ್ಸಿಸ್ಕನ್, ಡೊಮಿನಿಕನ್, ಜೆಸ್ವಿತ್ ಮಠಗಳ ಒಳಗೆ ಅವನಿಗೆ ಜಾಗ ಇರಲಿಲ್ಲ. ಮೈ ಕಪ್ಪು, ರಕ್ತ ಬೇರೆ. ಜೆಸ್ವಿತರು 1575ರಲ್ಲಿ ಪೆರೊ ಲುಯಿಸ್ ಅನ್ನುವ ಒಬ್ಬ ಬ್ರಾಹ್ಮಣನನ್ನು ಸೇರಿಸಿಕೊಂಡರು, ಆಮೇಲೆ ಬಾಗಿಲು ಹಾಕಿಕೊಂಡರು. ಥಾಮಸ್ ಅವರ ಸೋದರ ಸಂಬಂಧದ ಹಿರಿಯರಾದ ಮತ್ತೇವುಸ್ ದೆ ಕ್ಯಾಸ್ತ್ರೊ ಗೋವೆಯಲ್ಲಿ ದೀಕ್ಷೆ ಸಿಗದೆ ರೋಮಿಗೇ ಹೋಗಿ, 1637ರಲ್ಲಿ ಬಿಷಪ್ ಆಗಿ ಬಂದರು. ಬಂದರೂ ಪೋರ್ಚುಗೀಸರು ಅವರನ್ನು ಬಾಳಗೊಡಲಿಲ್ಲ. ಈ ಅವಮಾನ ನಮಗೆ ಅರ್ಥವಾಗುತ್ತದೆ. ಮಾರ್ಕ್ಸ್ ಕಾರ್ಡು ಕೈಯಲ್ಲಿದ್ದೂ ಹೊಸ್ತಿಲ ಹೊರಗೆ ನಿಲ್ಲಿಸಿಕೊಂಡವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅದಕ್ಕೇ ಗೋವೆಯ ಕೆಲವು ಸ್ಥಳೀಯ ಪಾದ್ರಿಗಳು ಸೇರಿ ತಮ್ಮದೇ ಒಂದು ಗುರುಕೂಟ ಶುರು ಮಾಡಿದ್ದರು. 1685ರ ಸೆಪ್ಟೆಂಬರಿನಲ್ಲಿ ವಾಜ್ ಅದನ್ನು ಸೇರಿ ಅದರ ಮುಖ್ಯಸ್ಥರಾದರು. ರೋಮಿನ ಸಂತ ಫಿಲಿಪ್ ನೇರಿಯ ಕಟ್ಟಲೆಯಂತೆ ನಡೆಯುವ ‘ಒರೆಟರಿ’ ಅದು. ಒಟ್ಟಿಗೆ ಇರುವುದು, ಒಟ್ಟಿಗೆ ಉಣ್ಣುವುದು, ಒಟ್ಟಿಗೆ ಪ್ರಾರ್ಥನೆ. ಬಿಳಿಯರ ಹಂಗಿಲ್ಲದೆ ಏಷ್ಯಾದ ಪಾದ್ರಿಗಳು ತಾವಾಗಿ ಕಟ್ಟಿಕೊಂಡ ಮೊದಮೊದಲ ಸಂಘಗಳಲ್ಲಿ ಅದು ಒಂದು. ಬಂಡಾಯ ಅಂದರೆ ಇದು ಬಂಡಾಯವೇ. ನಾವು ಓದುತ್ತ ಓದುತ್ತ ಚಪ್ಪಾಳೆ ತಟ್ಟುವುದರಲ್ಲಿದ್ದೆವು.

ಮುಂದಿನ ಪುಟದಲ್ಲಿತ್ತು. ಆ ಸಂಘ ಬ್ರಾಹ್ಮಣ ಮೂಲದವರನ್ನು ಮಾತ್ರ ಸೇರಿಸಿಕೊಳ್ಳುತ್ತಿತ್ತು.

ಬಿಳಿಯ ಮುಚ್ಚಿದ ಬಾಗಿಲ ಮುಂದೆ ಅತ್ತವರು ತಮ್ಮ ಮನೆ ಕಟ್ಟಿಕೊಂಡಾಗ ಮೊದಲು ಮಾಡಿದ್ದು ಅದಕ್ಕೊಂದು ಬಾಗಿಲು ಕೂರಿಸಿದ್ದು. ತಾವೂ ಕ್ಷತ್ರಿಯರು ಅನ್ನುವ ಚಾರೊಡಿ ಜಾತಿಯ ಪಾದ್ರಿಗಳಿಗೇ ಅಲ್ಲಿ ಜಾಗ ಸಿಗದೆ ಅವರು ಚಿಂಬೆಲ್ಲಿನಲ್ಲಿ ಬೇರೆ ಕೂಟ ಮಾಡಿಕೊಂಡರು. ಇನ್ನು ಸುದಿರರ ಗತಿ ಏನು, ಕುಣಬಿಗಳ ಗತಿ ಏನು? ಯೇಸುವಿನ ಪಂಕ್ತಿಯಲ್ಲೂ ಪಂಕ್ತಿಭೇದ. ಇದು ಗೋವೆಯೊಂದರದ್ದೇ ಪಾಪವಲ್ಲ. ಮಧುರೆಯಲ್ಲಿ ಇಟಲಿಯ ರಾಬರ್ಟ್ ದೆ ನೊಬಿಲಿ ಜನಿವಾರ ಹಾಕಿಕೊಂಡು ಬ್ರಾಹ್ಮಣ ಸನ್ಯಾಸಿಯಾಗಿ ಕೂತ. 1623ರಲ್ಲಿ ಪೋಪರೇ ಅದಕ್ಕೆ ಒಪ್ಪಿಗೆ ಕೊಟ್ಟರು. ಪರೆಯರ ಮನೆಗೆ ಹೋಗಲು ಹಿಂಜರಿಯಬೇಡಿ ಅಂತ 1744ರಲ್ಲಿ ರೋಮ್ ಗಟ್ಟಿಸಿ ಹೇಳಿದಾಗ, ಅಲ್ಲಿನ ಜೆಸ್ವಿತರು ಪರೆಯರಿಗೇ ಅಂತ ಬೇರೆ ಪಾದ್ರಿಗಳನ್ನು ಗೊತ್ತು ಮಾಡಿದರು. ಕೇರಿಗೆ ಬೇರೆ ಬಾವಿ ತೋಡಿಸಿಕೊಟ್ಟಂತೆ.

ಈಗ ಇನ್ನೊಬ್ಬರ ಮಾತು. ವಾಜ್ ಅವರ ಜೊತೆ ಜುವಾಂವ್ ಅನ್ನುವ ಸೇವಕ ಇದ್ದ. ಕುಣಬಿ. ಕನ್ನಡ ನೋಡಿ, ಪಾದ್ರಿಗೆ ‘ಅವರು’ ಅನ್ನುತ್ತದೆ, ಸೇವಕನಿಗೆ ಕೇಳದೆಯೇ ‘ಅವನು’ ಅನ್ನುತ್ತದೆ. ನಾವೂ ಈಗಷ್ಟೇ ‘ಇದ್ದ’ ಅಂತ ಬರೆದುಬಿಟ್ಟೆವು. ನಮ್ಮಪ್ಪನಿಗೆ ಜೀವಮಾನವೆಲ್ಲ ಏಕವಚನ ಕೇಳಿ ಉರಿದುಕೊಂಡ ನಮ್ಮ ಕೈಯೇ ಹೀಗೆ ಬರೆಯುತ್ತದೆ. ಇನ್ನು ಮುಂದೆ ಜುವಾಂವ್ ಅವರು ಅಂತಲೇ ಬರೆಯುತ್ತೇವೆ.

1686ರಲ್ಲಿ ವಾಜ್ ಸಂಘದ ಮುಖ್ಯಸ್ಥಿಕೆ ಬಿಟ್ಟು ಸಿಂಹಳಕ್ಕೆ ಹೊರಟರು. ಅಲ್ಲಿ 1658ರ ಹೊತ್ತಿಗೆ ಕರಾವಳಿಯನ್ನೆಲ್ಲ ಡಚ್ಚರು ಹಿಡಿದು ಕೆಥೊಲಿಕ್ ಪಾದ್ರಿಗಳನ್ನು ಹೊರಗಟ್ಟಿದ್ದರು. ಪಾದ್ರಿ ಅಂತ ಗೊತ್ತಾದರೆ ಜೀವಕ್ಕೇ ಕುತ್ತು. ವಾಜ್ ನಿಲುವಂಗಿ ತೆಗೆದಿಟ್ಟು ಕೂಲಿಯವನ ವೇಷ ಹಾಕಿದರು. ತೂತ್ತುಕುಡಿಯಿಂದ ದೋಣಿ ಹತ್ತಿ 1687ರಲ್ಲಿ ಸಿಂಹಳ ಮುಟ್ಟಿ ಜಾಫ್ನಾ ಸೇರಿದರು. ಜೊತೆಗೆ ಜುವಾಂವ್ ಅವರೂ ಇದ್ದರು. ಜುವಾಂವ್ ಅವರಿಗೆ ಯಾವ ವೇಷವೂ ಬೇಕಾಗಲಿಲ್ಲ. ಹುಟ್ಟಿದಾಗ ಹಾಕಿದ್ದೇ ಸಾಕಾಗಿತ್ತು.

ಜಾಫ್ನಾದಲ್ಲಿ ವಾಜ್ ಆಮಶಂಕೆ ಹಿಡಿದು ಸಾಯುವ ಹಾಗಾದರು. ಎದ್ದ ಮೇಲೆ ಕೊರಳಿಗೆ ಜಪಸರ ಹಾಕಿಕೊಂಡು ಮನೆಮನೆ ಮುಂದೆ ಭಿಕ್ಷೆಗೆ ನಿಂತರು. ಸರ ಕಂಡು ಯಾರ ಕಣ್ಣಲ್ಲಿ ನೀರಾಡುತ್ತದೋ ಅವರು ಕ್ರೈಸ್ತರು ಅಂತ ಗುರುತು ಹಿಡಿಯುವ ಉಪಾಯ ಅದು. ರಾತ್ರಿ ಹೊತ್ತು ಪೂಜೆ, ಹಗಲು ಅಡಗುವುದು. 1692ರಲ್ಲಿ ಕ್ಯಾಂಡಿಗೆ ಹೋದರೆ ಪೋರ್ಚುಗೀಸರ ಗೂಢಚಾರ ಅಂತ ರಾಜ ವಿಮಲಧರ್ಮಸೂರ್ಯ ಸೆರೆಯಲ್ಲಿಟ್ಟ. 1697ರ ಹೊತ್ತಿಗೆ ಕ್ಯಾಂಡಿಯಲ್ಲಿ ಸಿಡುಬು ಎದ್ದಿತು. ರಾಜ ಊರು ಬಿಟ್ಟ, ಉಳ್ಳವರು ಊರು ಬಿಟ್ಟರು, ಬೇನೆ ಬಿದ್ದವರನ್ನು ಕಾಡಿನಲ್ಲಿ ಬಿಟ್ಟು ಹೋದರು. ವಾಜ್ ಮತ್ತು ಒರೆಟರಿಯಿಂದ ಬಂದ ಜೋಸೆಫ್ ಕಾರ್ವಾಲೊ ಅನ್ನುವ ಪಾದ್ರಿ ಗುಡಿಸಲು ಹಾಕಿ, ಕೀವು ತೊಳೆದು, ಅನ್ನ ತಿನ್ನಿಸಿ, ಸತ್ತವರನ್ನು ಮಣ್ಣು ಮಾಡಿದರು. ಯಾವ ಧರ್ಮದವನು, ಯಾವ ಜಾತಿಯವನು ಅಂತ ಕೇಳಲಿಲ್ಲ. ಹಿಂತಿರುಗಿ ಬಂದ ರಾಜ ಅವರ ಕೆಲಸಕ್ಕೆ ಅಡ್ಡಿ ಮಾಡಲಿಲ್ಲ.

ಇದನ್ನು ಓದುವಾಗ ನಮಗೆ ನಮ್ಮ ಅಜ್ಜಿಯ ಮಾತು ನೆನಪಾಗುತ್ತದೆ. ಮಂಗನ ಕಾಯಿಲೆ ವರ್ಷ ಜ್ವರದವರ ಮನೆಯಂಗಳಕ್ಕೆ ಯಾರೂ ಕಾಲಿಡ್ತಿರಲಿಲ್ಲವಂತೆ. ‘ಬದುಕಿದ್ದಾಗ ನಾವು ಅವರನ್ನ ಮುಟ್ಟಬಾರದಿತ್ತು. ಜ್ವರ ಬಂದ ಮೇಲೆ ನಾವೇ ಮುಟ್ಟಬೇಕಾತು’ ಅಂತಿದ್ದಳು. ಹೆಣ ಹೊರಲು, ಸತ್ತ ಮಂಗ ಸುಡಲು ಕೇರಿಗೇ ಕರೆ ಬರುತ್ತಿತ್ತು. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಅದೇ ಕಾಯಿಲೆ ಎದ್ದು ಸಾಲು ಸಾವುಗಳಾದವು. ಹಾಗಾಗಿ ಸಿಡುಬಿನವರ ಕೀವು ತೊಳೆದ ಬ್ರಾಹ್ಮಣ ಮೂಲದ ಪಾದ್ರಿಯ ಮುಂದೆ ನಾವು ನಿಜವಾಗಿ ತಲೆ ಬಾಗುತ್ತೇವೆ. ಹುಟ್ಟಿನಿಂದ ಬೇಡದಿದ್ದ ಕೆಲಸವನ್ನು ಆ ಮನುಷ್ಯ ಮೈಮೇಲೆ ಎಳೆದುಕೊಂಡರು. ಸಿಂಹಳದ ಕಾಡುಗಳಲ್ಲಿ ಸುಮಾರು ಇಪ್ಪತ್ನಾಲ್ಕು ವರ್ಷ ಸವೆಸಿ, 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಸತ್ತರು.

ಆದರೆ ಕಂಬನಿ ಒರೆಸಿಕೊಂಡ ಮೇಲೆ ಪ್ರಶ್ನೆ ಅಲ್ಲೇ ಇರುತ್ತದೆ. ರೋಗಿಯ ಜಾತಿ ಕೇಳದವರ ಸಂಘದಲ್ಲಿ ಪಾದ್ರಿಯಾಗ ಬರುವವನ ಜಾತಿ ಯಾಕೆ ಕೇಳುತ್ತಿದ್ದರು? ಸೇವೆ ಪಡೆಯುವವನಿಗೆ ಜಾತಿ ಇಲ್ಲ, ಸೇವೆ ಮಾಡಿ ದೊಡ್ಡವನಾಗುವ ಹಕ್ಕಿಗೆ ಮಾತ್ರ ಜಾತಿ ಉಂಟು. ಜುವಾಂವ್ ಅವರು ಅದೇ ದಾರಿ ನಡೆದವರು, ಅದೇ ದೋಣಿ ಹತ್ತಿದವರು, ಅದೇ ಡಚ್ಚರ ಕಣ್ಣು ತಪ್ಪಿಸಿದವರು. ಒರೆಟರಿಯ ಪಂಕ್ತಿಯಲ್ಲಿ ಕುಣಬಿಗೆ ಎಲೆ ಇರಲಿಲ್ಲ. ಒಬ್ಬರ ಊಳಿಗ ಸಂತತನಕ್ಕೆ ಮೆಟ್ಟಿಲಾಯಿತು, ಇನ್ನೊಬ್ಬರ ಊಳಿಗ ಊಳಿಗವಾಗಿಯೇ ಉಳಿಯಿತು. ಒರೆಟರಿಯವರೇ ಆದ ಸೆಬಾಸ್ತಿಯಾಂವ್ ದೊ ರೇಗೊ ಬರೆದ ವಾಜ್ ಅವರ ಜೀವನ ಚರಿತ್ರೆ 1745ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾಯಿತು. ಪೋರ್ಚುಗಲ್ ಸರ್ಕಾರ 1834ರಲ್ಲಿ ಮಠಗಳನ್ನೆಲ್ಲ ರದ್ದು ಮಾಡಿದ ಮೇಲೆ ಒರೆಟರಿಯೂ ಮುಚ್ಚಿತು. ಅಷ್ಟರವರೆಗೆ ಸುಮಾರು ಒಂದೂವರೆ ಶತಮಾನ ಸಿಂಹಳಕ್ಕೆ ಪಾದ್ರಿಗಳನ್ನು ಕಳಿಸಿದ್ದು ಅದೇ. 1995ರಲ್ಲಿ ಪೋಪ್ ಎರಡನೇ ಜಾನ್ ಪಾಲ್, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊಗೆ ಬಂದು ವಾಜ್ ಅವರನ್ನು ಪುನೀತ ಅಂತಲೂ ಸಂತ ಅಂತಲೂ ಸಾರಿದರು. ಆ ಸಂತಪದವಿಯಲ್ಲಿ ನಮಗೆ ತಕರಾರಿಲ್ಲ.

ದಲಿತ ಮೂಲದ ಒಬ್ಬರು, ಹೈದರಾಬಾದಿನ ಆಂಟನಿ ಪೂಲಾ, ಮೊದಲ ಬಾರಿಗೆ ಕಾರ್ಡಿನಲ್ ಆಗಲು 2022 ಬರಬೇಕಾಯಿತು. ಕ್ರೈಸ್ತರಾದ ದಲಿತರನ್ನು ಪರಿಶಿಷ್ಟ ಜಾತಿ ಪಟ್ಟಿಯಿಂದ ಹೊರಗಿಟ್ಟದ್ದು 1950ರ ಆದೇಶ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಅದು ತೆರೆಯಿತು. ಇಗರ್ಜಿಯೊಳಗೆ ಜಾತಿ ಇದೆ, ಸರ್ಕಾರದ ಕಾಗದದಲ್ಲಿ ಮಾತ್ರ ಇಲ್ಲ. ಇನ್ನು ಜುವಾಂವ್ ಅವರ ಕುಣಬಿಗಳಿಗೆ ಗೋವೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು. ಗಡಿಯ ಈಚೆ, ಜೊಯಿಡಾದ ಕಾಡಿನಲ್ಲಿ ಗೆಡ್ಡೆ ಬೆಳೆದು ಬದುಕುವ ಕುಣಬಿಗಳು ಅದೇ ಮಾನ್ಯತೆಗಾಗಿ ದಶಕಗಟ್ಟಲೆ ಅರ್ಜಿ ಹಿಡಿದು ಅಲೆದರು.

ಪರೀಕ್ಷೆ ಮುಗಿದ ರಜೆಯಲ್ಲಿ ಗೆಳೆಯನ ಮನೆಗೆ ಹೋಗಿದ್ದೆವು. ಹೊಸಂಗಡಿ ಘಾಟಿ ಇಳಿದು, ಹಿಂದೆ ಹೇರೆತ್ತು ಇಳಿಯುತ್ತಿದ್ದ ಸೀಮೆಯಲ್ಲೇ. ಅವನ ಅಕ್ಕನ ಮದುವೆ ಮಾತುಕತೆ ನಡೆದಿತ್ತು. ಬಾಮಣರೋ ಚಾರೊಡಿಯೋ ಸುದಿರೋ ಅಂತ ಗಂಡಿನ ಕಡೆಯವರು ಮೊದಲೇ ಕೇಳಿ ಕಳಿಸಿದ್ದರು. ‘ನಿಮ್ಮಲ್ಲಿ ಇದೆಲ್ಲ ಇಲ್ಲ ಅಂತಿದ್ಯಲ್ಲೋ’ ಅಂದೆವು. ಅವ ನೆಲ ನೋಡಿದ. ಸಂಜೆ ಅಜ್ಜಿ ಸಂತರ ಚಿತ್ರದ ಮುಂದೆ ಮೋಂಬತ್ತಿ ಹಚ್ಚಿ ಕೂತಿದ್ದರು. ನಾವು ಜುವಾಂವ್ ಅವರ ಕತೆ ಹೇಳಿದೆವು. ಅಜ್ಜಿ ಈ ಹೆಸರು ಕೇಳಿಯೇ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹ್ವಾಯ್ ಮಗಾ, ಪಾದ್ರಿಗ್ಳ್ ಸೀಕಲ್ಲಿ ಮಲ್ಗಿಪ್ಪತ್ತಿಗೆ ಗಂಜಿ ಬೇಶಿ ಹಾಕದ್ದ್ ಆ ಜುವಾಂವೇ ಆಯ್ಕ್’ ಅಂದರು. ಆಮೇಲೆ ನಮಗೂ ಗಂಜಿ ಬಡಿಸಿದರು. ಉಪ್ಪಿನಕಾಯಿ, ಸುಟ್ಟ ಒಣಮೀನು ಜೊತೆಗೆ. ಎಲ್ಲರೂ ಒಂದೇ ಬೆಂಚಿನ ಮೇಲೆ ಕೂತು ಉಂಡೆವು. ಕ್ಯಾಸನೂರು ಎಲ್ಲಿ ಬರ್ತದೆ ಅಂತ ಅಜ್ಜಿ ಕೇಳಿದರು.